ಮಾಟವಾದ ಅಕ್ಷರ

ಕನ್ನಡದಲ್ಲಿ ‘ಮಾಟ’ ಎಂಬ ಪುಟ್ಟ ಶಬ್ದವೊಂದುಂಟು. ಆಡು ಎಂಬುದರಿಂದ ಆಟ, ಓಡು ಎಂಬುದರಿಂದ ಓಟ, ನೋಡು ಎಂಬುದರಿಂದ ನೋಟ ಬಂದಂತೆ ಮಾಡು ಎಂಬ ಧಾತುವಿನಿಂದ ಮಾಟ ಬಂದಿದೆ. ಮಾಡಿದ್ದು, ರೂಪಗೊಂಡದ್ದು ಎಂಬುದೇ ಅದರ ಮೂಲಾರ್ಥ. ಮೂಗು ಮಾಟವಾಗಿದೆ ಎಂದರೆ ತಿದ್ದಿ ತೀಡಿದಂತೆ ಚೆಲುವಾಗಿದೆ ಎಂದರ್ಥ. ವಿದ್ಯಾರ್ಥಿಯೊಬ್ಬನ ಅಕ್ಷರ ಮಾಟವಾಗಿದೆ ಎಂದು ಮಾಸ್ತರರು ನುಡಿದರೆ ಅದು ಮೆಚ್ಚುಗೆಯ ಮಾತು. ಆದರೆ ಅದೇ ಶಬ್ದವನ್ನು ಜಗಲಿಯ ಮೇಲೆ ಕುಳಿತವರು ದನಿ ತಗ್ಗಿಸಿ, ‘ಆ ಮನೆಗೆ ಯಾರೋ ಮಾಟ ಮಾಡಿಸಿದ್ದಾರಂತೆ’ ಎಂದು ಆಡಿದಾಗ ಕೇಳಿದವರ ಮೈ ಜುಮ್ಮೆನ್ನುತ್ತದೆ. ಅಂದವಾದ ಬರಹಕ್ಕೂ ಅಂಜಿಕೆಯ ಮಂತ್ರವಿದ್ಯೆಗೂ ಒಂದೇ ಹೆಸರು!

ಇದು ಕನ್ನಡಕ್ಕಷ್ಟೇ ಸಲ್ಲುವ ವಿಚಿತ್ರವಲ್ಲ. ಇಂಗ್ಲಿಷಿನಲ್ಲಿ ‘ಸ್ಪೆಲ್’ ಎಂದರೆ ಅಕ್ಷರಗಳನ್ನು ಕ್ರಮವಾಗಿ ಜೋಡಿಸಿ ಹೇಳುವುದು. ಮಾಟಗಾರನು ಉಸುರುವ ಮಂತ್ರವೂ ‘ಸ್ಪೆಲ್’. ಹಳೆಯ ಇಂಗ್ಲಿಷಿನಲ್ಲಿ ಆ ಶಬ್ದಕ್ಕೆ ಮಾತು, ಕಥೆ ಎಂಬ ಅರ್ಥಗಳಿದ್ದವು. ಶುಭವಾರ್ತೆ ಎಂಬರ್ಥದ ‘ಗಾಸ್ಪೆಲ್’ ಶಬ್ದದ ಬಾಲದಲ್ಲಿ ಇರುವುದೂ ಅದೇ. ಇದಕ್ಕಿಂತಲೂ ಸ್ವಾರಸ್ಯವಾದದ್ದು ವ್ಯಾಕರಣವೆಂಬರ್ಥದ ‘ಗ್ರಾಮರ್’ ಶಬ್ದದ ಕಥೆ. ಓದುಬರಹ ಬಲ್ಲವರು ವಿರಳವಾಗಿದ್ದ ಕಾಲದಲ್ಲಿ ಅವರಿಗೆ ಮಾಯಾವಿದ್ಯೆಯೂ ತಿಳಿದಿರಬೇಕೆಂದು ಜನ ಭಾವಿಸಿದರು. ಆ ಶಬ್ದವೇ ಸ್ಕಾಟ್ಲೆಂಡಿನ ಜನರ ಬಾಯಲ್ಲಿ ರೂಪಾಂತರ ಹೊಂದಿ, ಕಣ್ಣು ಕಟ್ಟುವ ಮೋಡಿ ಎಂಬರ್ಥದ ‘ಗ್ಲ್ಯಾಮರ್’ ಆಯಿತು. ಇಂದು ಚಲನಚಿತ್ರ ತಾರೆಯರ ವಿಷಯದಲ್ಲಿ ಬಳಸುವ ಆ ಶಬ್ದದ ಅಜ್ಜಿ ವ್ಯಾಕರಣವೆಂದರೆ ವ್ಯಾಕರಣಕ್ಕೆ ಹೆದರುವ ವಿದ್ಯಾರ್ಥಿಗಳು ನಂಬಲಿಕ್ಕಿಲ್ಲ.

ಅಕ್ಷರದಲ್ಲಿ ಶಕ್ತಿಯುಂಟು, ಅದು ಕೆಟ್ಟರೆ ಕೇಡಾಗುತ್ತದೆ ಎಂಬ ನಂಬಿಕೆ ಭಾರತೀಯರಲ್ಲಿ ಬಹು ಪುರಾತನವಾದದ್ದು. ತ್ವಷ್ಟೃವು ಇಂದ್ರನನ್ನು ಕೊಲ್ಲಬಲ್ಲ ಮಗನಿಗಾಗಿ ಹೋಮ ಮಾಡಿದಾಗ ‘ಇಂದ್ರಶತ್ರು’ ಎಂಬ ಒಂದು ಪದದ ಸ್ವರ ತಪ್ಪಿತು. ಇಂದ್ರನನ್ನು ಕೊಲ್ಲುವವನು ಎಂದಾಗಬೇಕಿದ್ದ ಅರ್ಥ, ಇಂದ್ರನಿಂದ ಕೊಲ್ಲಲ್ಪಡುವವನು ಎಂದಾಯಿತು. ಹುಟ್ಟಿದ ವೃತ್ರನು ಇಂದ್ರನ ಕೈಯಲ್ಲೇ ಮಡಿದನು. ಪತಂಜಲಿಯು ತನ್ನ ಮಹಾಭಾಷ್ಯದ ಮೊದಲಲ್ಲೇ, ವ್ಯಾಕರಣವನ್ನು ಏಕೆ ಓದಬೇಕೆಂಬುದಕ್ಕೆ ಈ ನಿದರ್ಶನವನ್ನು ಕೊಟ್ಟಿದ್ದಾನೆ. ಇಂದ್ರಾಸನವನ್ನು ಬೇಡಹೋದ ಕುಂಭಕರ್ಣನು ನಾಲಗೆ ತೊಡರಿ ನಿದ್ರಾಸನವನ್ನು ಬೇಡಿದನೆಂಬ ಕಥೆಯನ್ನಂತೂ ಅಜ್ಜಿಯರು ಮೊಮ್ಮಕ್ಕಳಿಗೆ ಹೇಳುತ್ತಲೇ ಬಂದಿದ್ದಾರೆ.

ಆದರೆ ಅದೇ ಅಜ್ಜಿಯರು ಇನ್ನೊಂದು ಕಥೆಯನ್ನೂ ಹೇಳುತ್ತಾರೆ. ರಾಮನಾಮವನ್ನು ಉಚ್ಚರಿಸಲಾರದ ಬೇಡನೊಬ್ಬನು ‘ಮರಾ ಮರಾ’ ಎಂದು ಜಪಿಸುತ್ತ ಕುಳಿತನು, ನಾಲಗೆ ತಿರುಗುತ್ತ ತಿರುಗುತ್ತ ಮರವೇ ರಾಮವಾಯಿತು, ಬೇಡನು ವಾಲ್ಮೀಕಿಯಾದನು. ಮೊದಲಿನ ಕಥೆಗಳಲ್ಲಿ ತಪ್ಪಿದ ಅಕ್ಷರ ಪ್ರಾಣವನ್ನೋ ಎಚ್ಚರವನ್ನೋ ಕಸಿಯಿತು. ಇಲ್ಲಿ ತಪ್ಪಾದ ಅಕ್ಷರವೇ ಆದಿಕವಿಯನ್ನು ಕೊಟ್ಟಿತು. ಶಾಲೆಗಳಲ್ಲಿ ಮೊದಲಿನ ಕಥೆಗಳಿಗೆ ಇರುವಷ್ಟು ಮನ್ನಣೆ ಈ ಕಥೆಗೆ ಇಲ್ಲ. ಕಾಗುಣಿತ ತಪ್ಪಿದವನನ್ನು ಕುಂಭಕರ್ಣನಿಗೆ ಹೋಲಿಸುವವರು ಉಂಟು. ವಾಲ್ಮೀಕಿಗೆ ಹೋಲಿಸುವವರು ಕಾಣಸಿಗುವುದಿಲ್ಲ.

ಈ ಮಾತಿನ ಮಹತ್ವವನ್ನು ಅರಿಯಬೇಕಾದರೆ ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಣ ನಾಲ್ಕು ತಾಲ್ಲೂಕುಗಳತ್ತ ನೋಡಬೇಕು. ಗೋವೆಯ ಗಡಿಗೆ ತಾಗಿದ ದಟ್ಟ ಕಾಡಿನ ಜೊಯಿಡಾ. ಕಾಳೀನದಿಯ ದಂಡೆಯ ದಾಂಡೇಲಿ. ಧಾರವಾಡದ ಬಯಲಿಗೆ ಮುಖ ಮಾಡಿದ ಹಳಿಯಾಳ. ಪೂರ್ವದ ಅಂಚಿನ ಮುಂಡಗೋಡ. ಜೊಯಿಡಾದ ಕುಣಬಿಗಳ ಮನೆಮಾತು ಕೊಂಕಣಿ. ಹಳಿಯಾಳದ ಅನೇಕ ಹಳ್ಳಿಗಳಲ್ಲಿ ಮರಾಠಿ ಕೇಳಿಬರುತ್ತದೆ. ಆಫ್ರಿಕದಿಂದ ಶತಮಾನಗಳ ಹಿಂದೆ ತರಲ್ಪಟ್ಟವರ ಸಂತತಿಯಾದ ಸಿದ್ದಿಗಳು ತಮ್ಮೊಳಗೆ ಕೊಂಕಣಿಯ ಒಂದು ವಿಶಿಷ್ಟ ರೂಪವನ್ನು ಆಡುತ್ತಾರೆ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆಯಿಂದಾಗಿ ದಾಂಡೇಲಿಗೆ ನಾನಾ ಪ್ರಾಂತ್ಯಗಳ ದುಡಿಮೆಗಾರರು ಬಂದು ನೆಲಸಿದರು. ಆ ಊರಿನ ಒಂದೇ ಓಣಿಯಲ್ಲಿ ನಾಲ್ಕಾರು ಭಾಷೆಗಳು ಕಿವಿಗೆ ಬೀಳುವುದುಂಟು. ಮುಂಡಗೋಡದ ಬಳಿ 1966ರಲ್ಲಿ ಟಿಬೆಟನ್ ನಿರಾಶ್ರಿತರ ವಸತಿ ಏರ್ಪಟ್ಟಿತು. ಟಿಬೆಟ್ಟಿನ ಪ್ರಸಿದ್ಧ ವಿದ್ಯಾಪೀಠಗಳಾದ ಗಾಂದೆನ್ ಮತ್ತು ದ್ರೆಪುಂಗ್ ಮಠಗಳು ಅಲ್ಲಿ ಮರುಜನ್ಮ ಪಡೆದವು. ಈ ಎಲ್ಲ ಮನೆಗಳಿಂದಲೂ ಮಕ್ಕಳು ಕನ್ನಡದ ಅಕ್ಷರಕ್ಕೆ ಬರುತ್ತಾರೆ.

ಅವರು ಮೊದಲು ಕಲಿಯುವುದು ಕಾಗುಣಿತವನ್ನು. ಗುಣಿತವೆಂದರೆ ಗುಣಿಸಿದ್ದು, ಒಂದು ವ್ಯಂಜನವನ್ನು ಸ್ವರಗಳಿಂದ ಗುಣಿಸುತ್ತ ಹೋಗುವ ಲೆಕ್ಕ ಅದು. ತಲಕಟ್ಟು ಕೊಟ್ಟರೆ ಕ, ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ, ಕೊಂಬು ಕೊಟ್ಟರೆ ಕು. ಆಮೇಲೆ ವಟ್ರಸುಳಿ, ಏತ್ವ, ಐತ್ವ, ಓತ್ವ, ಔತ್ವ, ಸೊನ್ನೆ. ಈ ಹೆಸರುಗಳಲ್ಲೇ ಒಂದು ಮನೆಯ ಚಿತ್ರವಿದೆ, ಒಂದು ದನದ ಚಿತ್ರವಿದೆ. ಶಾಲೆಯ ಮಕ್ಕಳೆಲ್ಲ ಒಕ್ಕೊರಲಿನಿಂದ ಇದನ್ನು ರಾಗವಾಗಿ ಹೇಳುವಾಗ ದಾರಿಹೋಕನಿಗೆ ಯಾವುದೋ ಮಂತ್ರಪಠಣ ನಡೆದಿದೆಯೆಂದು ತೋರಿದರೆ ಆಶ್ಚರ್ಯವಿಲ್ಲ.

ಮುಂಡಗೋಡದ ಟಿಬೆಟನ್ ಮಕ್ಕಳಿಗೆ ಈ ರಾಗ ಹೊಸತಲ್ಲ. ಅವರೂ ತಮ್ಮ ಲಿಪಿಯಲ್ಲಿ ‘ಕ ಗಿಗು ಕಿ, ಕ ಶಬ್‌ಕ್ಯು ಕು, ಕ ಡ್ರೆಂಗ್‌ಬು ಕೆ, ಕ ನಾರೊ ಕೊ’ ಎಂದು ಹಾಡಿ ಕಲಿಯುತ್ತಾರೆ. ಗುಡಿಸು, ಕೊಂಬು, ಏತ್ವ, ಓತ್ವಗಳಿಗೆ ಅವರ ಹೆಸರುಗಳು ಇವು. ಕನ್ನಡ ಲಿಪಿಯ ಹಾಗೂ ಟಿಬೆಟನ್ ಲಿಪಿಯ ಬೇರು ಒಂದೇ, ಅದು ಬ್ರಾಹ್ಮಿ. ಏಳನೆಯ ಶತಮಾನದಲ್ಲಿ ತೋನ್‌ಮಿ ಸಂಭೋಟನೆಂಬ ಪಂಡಿತನು ಭಾರತಕ್ಕೆ ಬಂದು ಕಲಿತು ಆ ಲಿಪಿಯನ್ನು ರೂಪಿಸಿದನೆಂದು ಟಿಬೆಟ್ಟಿನ ಸಂಪ್ರದಾಯ ಹೇಳುತ್ತದೆ. ಹಿಮಾಲಯದಾಚೆ ಹೋದ ಅಕ್ಷರಗಳ ಸಂತತಿ ಸಾವಿರದ ಮುನ್ನೂರು ವರ್ಷಗಳ ಮೇಲೆ ಮುಂಡಗೋಡದ ಬತ್ತದ ಗದ್ದೆಗಳ ನಡುವೆ ತನ್ನ ದಾಯಾದಿಯನ್ನು ಕಂಡಿತು.

ಆದರೆ ಟಿಬೆಟನ್ ಮಕ್ಕಳ ಕಷ್ಟ ಕನ್ನಡ ಮಕ್ಕಳಿಗಿಂತ ದೊಡ್ಡದು. ಎಂಟು ಎಂಬ ಸಂಖ್ಯೆಯ ಹೆಸರನ್ನು ಆ ಭಾಷೆಯಲ್ಲಿ ಬರೆಯುವಾಗ ಬ, ರ, ಗ, ಯ, ದ ಎಂಬ ಐದು ವ್ಯಂಜನಗಳು ಕೂಡುತ್ತವೆ. ಲ್ಹಾಸಾ ಕಡೆಯ ಮಾತಿನಲ್ಲಿ ಅದರ ಉಚ್ಚಾರ ‘ಗ್ಯೆ’ ಎಂಬಷ್ಟೇ. ನಾಲಗೆ ಎಂದೋ ಬಿಟ್ಟುಕೊಟ್ಟ ಧ್ವನಿಗಳನ್ನು ಲೇಖನಿ ಇನ್ನೂ ಬಿಟ್ಟಿಲ್ಲ. ಪವಿತ್ರವಾದ ಷಡಕ್ಷರಿ ಮಂತ್ರದಲ್ಲಿ ‘ಪದ್ಮೇ’ ಎಂದು ಬರೆದಿರುವುದನ್ನು ಅವರ ಹಿರಿಯರು ‘ಪೇಮೆ’ ಎನ್ನುತ್ತಾರೆ. ಇಂದ್ರಶತ್ರುವಿನ ಕಥೆಯನ್ನು ನಂಬುವವರು ಇದಕ್ಕೇನು ಹೇಳುವರೋ! ಅದೇ ಮಂತ್ರವನ್ನು ಕಾಗದದ ಸುರುಳಿಯ ಮೇಲೆ ಬರೆದು ಚಕ್ರದೊಳಗಿಟ್ಟು ಕೈಯಿಂದ ತಿರುಗಿಸುವ ಪದ್ಧತಿಯೂ ಅವರಲ್ಲುಂಟು. ಅಕ್ಷರ ಬಾರದ ಮುದುಕಿಯೂ ಹೀಗೆ ಅಕ್ಷರದ ಫಲವನ್ನು ಪಡೆಯಬಲ್ಲಳೆಂಬುದು ಅವರ ನಂಬಿಕೆ.

ಮಂತ್ರದ ಮಾತು ಬಂದಾಗ ಅದರ ಎಲ್ಲೆಯನ್ನೂ ಹೇಳಬೇಕಾಗುತ್ತದೆ. ಕಾಡಿನ ನಡುವಣ ಊರುಗಳಲ್ಲಿ ಹಾವು ಕಚ್ಚಿದವರನ್ನು ಮಂತ್ರ ಬಲ್ಲವರ ಬಳಿಗೆ ಒಯ್ಯುವುದು ಹಿಂದಿನಿಂದ ನಡೆದುಬಂದದ್ದು. ರಸ್ತೆಯೂ ಆಸ್ಪತ್ರೆಯೂ ಇಲ್ಲದಿದ್ದ ಕಾಲದಲ್ಲಿ ಮಂತ್ರವು ನೊಂದವರಿಗೆ ಧೈರ್ಯವನ್ನಾದರೂ ಕೊಡುತ್ತಿತ್ತು. ಆದರೆ ಧೈರ್ಯವು ವಿಷವನ್ನು ಇಳಿಸುವುದಿಲ್ಲ. ವಿಷನಿರೋಧಕ ಚುಚ್ಚುಮದ್ದು ಇಳಿಸುತ್ತದೆ. ಹಾವು, ಚೇಳು, ನಾಯಿ ಕಚ್ಚಿದವರಿಗೆ ವೈದ್ಯಕೀಯ ಚಿಕಿತ್ಸೆ ದೊರೆಯದಂತೆ ತಡೆದು ಮಂತ್ರತಂತ್ರ ಮಾಡುವುದನ್ನು ಕರ್ನಾಟಕದ 2017ರ ಕಾಯಿದೆಯು ಅಪರಾಧವೆಂದು ಸಾರಿದೆ. ಅಲ್ಲಿ ಬೇಕಾದ ಅಕ್ಷರಶಕ್ತಿ ಬೇರೆಯದು: ಔಷಧದ ಚೀಟಿಯನ್ನು ಓದಬಲ್ಲ, ಹೆಸರನ್ನೂ ಹೊತ್ತನ್ನೂ ಸರಿಯಾಗಿ ತಿಳಿದುಕೊಳ್ಳಬಲ್ಲ ಶಕ್ತಿ.

ಒಂದು ಅಕ್ಷರದ ಬಲವನ್ನು ಸಿದ್ದಿಗಳ ಹೆಸರಿನಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಾಗದು. ಈ ಜನಾಂಗದ ಹೆಸರು, ಒಡೆಯ ಎಂಬರ್ಥದ ಅರಬ್ಬೀ ಗೌರವಸೂಚಕ ಶಬ್ದವೊಂದರಿಂದ ಬಂದಿರಬೇಕೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ಬರೆಯಬೇಕಾದದ್ದು ‘ಸಿದ್ದಿ’. ಆದರೆ ಅದನ್ನು ‘ಸಿದ್ಧಿ’ ಎಂದು ಬರೆಯುವವರು ಕಡಮೆಯಲ್ಲ. ದಕಾರದ ಒತ್ತಿಗೆ ಸಣ್ಣದೊಂದು ಸೀಳು ಸೇರಿದರೆ ಸಾಕು, ಒಂದು ಜನಾಂಗದ ಹೆಸರು ಮಾಯವಾಗಿ ಮಂತ್ರಸಾಧಕರು ಗಳಿಸುವ ಅಲೌಕಿಕ ಶಕ್ತಿಯ ಹೆಸರು ಅಲ್ಲಿ ನಿಲ್ಲುತ್ತದೆ. ಬರೆಯುವವನಿಗೆ ಅದು ಒಂದು ಮಹಾಪ್ರಾಣ. ಬರೆಯಿಸಿಕೊಂಡವನಿಗೆ ಅದು ತನ್ನ ಕುಲದ ಗುರುತು. ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಿದ್ದು 2003ರಲ್ಲಿ. ಅಲ್ಲಿಂದ ಮುಂದೆ ಆ ಹೆಸರು ಶಾಲೆಯ ದಾಖಲೆ, ಪ್ರಮಾಣಪತ್ರ, ವಿದ್ಯಾರ್ಥಿವೇತನದ ಅರ್ಜಿ ಇವುಗಳಲ್ಲೆಲ್ಲ ಬರೆಯಲ್ಪಡುವ ಹೆಸರಾಯಿತು. ಒಂದು ಕಾಗದದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ ಹೆಸರಿದ್ದರೆ ಬಡವನು ಕಚೇರಿಯಿಂದ ಕಚೇರಿಗೆ ಅಲೆಯಬೇಕಾಗುತ್ತದೆ. ಯಾವ ಜನಾಂಗದವರಿಗೂ ಬರಬಹುದಾದ ಕಷ್ಟವಿದು. ಒಂದು ದಿನದ ಕೂಲಿ ಕಳೆದುಕೊಂಡರೆ ಒಲೆ ಹೊತ್ತದ ಮನೆಯವರಿಗೆ ಮಾತ್ರ ಇದರ ನಿಜವಾದ ಭಾರ ಗೊತ್ತು. ಹೆಸರನ್ನು ತಪ್ಪಾಗಿ ಬರೆದವರು ಮನೆಗೆ ಹೋಗಿ ನಿದ್ರಿಸುತ್ತಾರೆ. ಮಾಟ ತಟ್ಟಿದ್ದು ಬೇರೆಯವರಿಗೆ.

ಊರುಗಳಿಗೂ ಈ ಗ್ರಹಚಾರ ತಪ್ಪಿಲ್ಲ. ಉತ್ತರ ಕನ್ನಡವು 1862ರಿಂದ 1956ರವರೆಗೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ‘ಕನ್ನಡ’ವೆಂಬ ನಾಡಹೆಸರು ಪೋರ್ತುಗೀಸರ ನಾಲಗೆಯಿಂದ ಹೊರಟು ಇಂಗ್ಲಿಷರ ಕಡತಗಳಲ್ಲಿ ‘ಕೆನರಾ’ ಆಗಿ ಕುಳಿತಿತು. ಹಳಿಯಾಳವು ಮರಾಠಿಯಲ್ಲಿ ‘ಹಲ್ಯಾಳ’ವಾಯಿತು. ಜೊಯಿಡಾ, ಜೋಯಿಡಾ, ಜೋಯ್ಡಾ ಎಂದು ಒಂದೇ ಊರನ್ನು ಇಂದಿಗೂ ಮೂರು ಬಗೆಯಾಗಿ ಬರೆಯುವುದುಂಟು. ಆ ತಾಲ್ಲೂಕಿನ ಹಳೆಯ ಕೇಂದ್ರವಾದ ಸೂಪಾ ಊರು ಕಾಳಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಮುಳುಗಿಹೋಯಿತು. ಊರು ಮುಳುಗಿದ ಮೇಲೂ 2011ರ ಜನಗಣತಿಯ ಪಟ್ಟಿಯಲ್ಲಿ ತಾಲ್ಲೂಕಿನ ಹೆಸರು ಸೂಪಾ ಎಂದೇ ಇತ್ತು. ಕಲ್ಲಿನ ಮನೆಗಳು ನೀರಿನಡಿಗೆ ಸಂದರೂ ಎರಡು ಅಕ್ಷರಗಳು ತೇಲುತ್ತ ಉಳಿದವು. ಅಕ್ಷರವೆಂದರೆ ನಾಶವಿಲ್ಲದ್ದು ಎಂಬ ಅರ್ಥವನ್ನು ನಿಘಂಟಿನಲ್ಲಿ ಓದುವುದಕ್ಕಿಂತ ಸೂಪಾದ ಹಿನ್ನೀರಿನ ದಡದಲ್ಲಿ ನಿಂತು ತಿಳಿಯುವುದು ಸುಲಭ. ರಾಜ್ಯವೂ ತನ್ನ ಊರುಗಳ ಕಾಗುಣಿತವನ್ನು ತಿದ್ದಿಕೊಂಡದ್ದುಂಟು: 2014ರ ನವೆಂಬರ್ 1ರಂದು ಇಂಗ್ಲಿಷಿನ ‘ಹುಬ್ಲಿ’ಯು ಹುಬ್ಬಳ್ಳಿಯಾಯಿತು, ‘ಬೆಲ್‌ಗಾಮ್’ ಬೆಳಗಾವಿಯಾಯಿತು.

ಹೆಸರುಗಳ ವಿಷಯದಲ್ಲಿ ಇಷ್ಟು ಕಟ್ಟುನಿಟ್ಟು ಬೇಕಾದರೆ ಮಕ್ಕಳ ಕಾಗುಣಿತದ ತಪ್ಪಿಗೂ ಅಷ್ಟೇ ಕಟ್ಟುನಿಟ್ಟು ಬೇಡವೆ ಎಂದು ಕೇಳುವವರಿದ್ದಾರೆ. ಬೇಕು. ಹಳ್ಳಿ ಹಲ್ಲಿಯಾದರೆ, ಬೆಳೆ ಬೇಳೆಯಾದರೆ, ಹಾಡುವವನು ಆಡುವವನಾದರೆ ಅರ್ಥ ಕೆಡದೆ ಇರದು. ‘ಅರ್ಥವಾದರೆ ಸಾಲದೆ, ಅಕ್ಷರ ಹೇಗಿದ್ದರೇನು?’ ಎಂಬ ಉದಾರಿಗಳ ಮಾತು ಕೇಳಲು ಹಿತವಾದರೂ ಒಪ್ಪತಕ್ಕದ್ದಲ್ಲ. ಅದರ ದಂಡವನ್ನು ಕೊನೆಗೆ ತೆರುವವನು ಅರ್ಜಿ ಬರೆಯಲು ಬಾರದ ಬಡವನೇ. ಈಚೆಗೆ ಮೊಬೈಲಿನಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಕನ್ನಡವನ್ನು ಬರೆಯುವ ರೂಢಿ ಬೆಳೆದು, ಹಳ್ಳಿಯೂ ಹಲ್ಲಿಯೂ ಒಂದೇ ಆಗಿ ಕುಳಿತಿರುವುದು ಬೇರೆ ಮಾತು.

ಆದರೆ ತಪ್ಪು ಎಲ್ಲಿಂದ ಬಂತೆಂದು ಕೇಳದೆ ಕೆಂಪು ಮಸಿಯನ್ನು ಎಳೆಯುವುದು ವೈದ್ಯನ ಕೆಲಸವಲ್ಲ, ಮಾಟಗಾರನ ಕೆಲಸ. ಮರಾಠಿ ಮನೆಯ ಮಗುವಿಗೆ ಧ, ಭ ಮುಂತಾದ ಮಹಾಪ್ರಾಣಗಳು ತಾಯಿಯ ಮಾತಿನಲ್ಲೇ ಉಂಟು. ಅವುಗಳನ್ನು ಅದು ಸಲೀಸಾಗಿ ಬರೆಯುತ್ತದೆ. ಆದರೆ ಮರಾಠಿಯಲ್ಲಿ ಎಕಾರ ಏಕಾರಗಳಿಗೂ ಒಕಾರ ಓಕಾರಗಳಿಗೂ ಕನ್ನಡದಂತೆ ಅರ್ಥಭೇದವಿಲ್ಲ. ಆ ಮಗುವಿನ ಕಿವಿಗೆ ಕೊಡು, ಕೋಡು ಎರಡೂ ಒಂದೇ. ಉರ್ದು ಮನೆಯ ಮಗುವಿಗೆ ಳಕಾರ ಣಕಾರಗಳು ಹೊಸವು. ಟಿಬೆಟನ್ ಮಗುವಿನ ವರ್ಣಮಾಲೆಯಲ್ಲಿ ಘ, ಧ, ಭಗಳಿಗೆ ಸ್ಥಳವೇ ಇಲ್ಲ. ಅಚ್ಚ ಕನ್ನಡದ ಹಳ್ಳಿಯ ಮಗುವಾದರೋ ಧನವನ್ನೂ ದನವೆಂದೇ ಆಡುತ್ತ ಬೆಳೆದಿರುತ್ತದೆ. ಸೂರ್ಯ ಎಂಬಲ್ಲಿ ಮೊದಲು ನುಡಿಯುವ ರಕಾರವನ್ನು ಅರ್ಕಾವೊತ್ತಾಗಿ ಕೊನೆಗೆ ಏಕೆ ಬರೆಯಬೇಕೆಂಬುದು ಈ ಎಲ್ಲ ಮಕ್ಕಳಿಗೂ ಸಮಾನವಾದ ಒಗಟು. ಒಂದೇ ತರಗತಿಯ ನಾಲ್ಕು ಪುಸ್ತಕಗಳಲ್ಲಿ ನಾಲ್ಕು ತಪ್ಪುಗಳಿದ್ದರೆ ಅವು ನಾಲ್ಕು ಬೇರೆ ಬೇರೆ ಮನೆಗಳ ಬಾಗಿಲುಗಳು. ಬಾಗಿಲನ್ನು ನೋಡಿದವರಿಗೆ ಮನೆ ತಿಳಿಯುತ್ತದೆ. ಹಾಗೆ ನೋಡದೆ ದಡ್ಡನೆಂದು ಕರೆದರೆ ಆ ಮಗು ಮರುದಿನದಿಂದ ಬರೆಯುವುದನ್ನು ಕಡಮೆ ಮಾಡುತ್ತದೆ. ಮಾತನಾಡುವುದನ್ನೂ ಕಡಮೆ ಮಾಡುತ್ತದೆ. ಮಾಟದಲ್ಲಿ ಬಾಯಿ ಕಟ್ಟುವುದು ಎಂಬುದೊಂದುಂಟಲ್ಲವೆ? ಅದಕ್ಕೆ ನಿಂಬೆಹಣ್ಣು ಕುಂಕುಮಗಳು ಬೇಕಿಲ್ಲ.

ಕನ್ನಡವೂ ತನ್ನ ಅಕ್ಷರಗಳನ್ನು ಕಳೆದುಕೊಂಡ ಭಾಷೆಯೇ. ಹಳಗನ್ನಡದಲ್ಲಿ ಬದುಕು ಎಂಬರ್ಥದ ‘ಬಾೞ್’ ಬೇರೆ, ಕತ್ತಿ ಎಂಬರ್ಥದ ‘ಬಾಳ್’ ಬೇರೆ. ತಿಳಿ ಎಂಬರ್ಥದ ‘ಅಱಿ’ ಬೇರೆ, ಕತ್ತರಿಸು ಎಂಬರ್ಥದ ‘ಅರಿ’ ಬೇರೆ. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ೞಕಾರವುಳ್ಳ ಶಬ್ದಗಳನ್ನು ಹುಡುಕಿ ಪಟ್ಟಿ ಮಾಡಿಕೊಟ್ಟನು. ಪಟ್ಟಿ ಬೇಕಾಯಿತೆಂಬುದೇ ಜನ ಆಗಲೇ ತಪ್ಪುತ್ತಿದ್ದರೆಂಬುದಕ್ಕೆ ಸಾಕ್ಷಿ. ಅಂದಿನ ತಪ್ಪೇ ಇಂದಿನ ಸರಿ. ‘ಬಾೞ್’ ಎಂದು ಇಂದು ಬರೆದ ಹುಡುಗನಿಗೆ ಅಂಕ ಹೋಗುತ್ತದೆ. ಇದೇ ಉತ್ತರ ಕನ್ನಡದ ಹಾಡುವಳ್ಳಿಯ ಜೈನ ಪರಂಪರೆಗೆ ಸೇರಿದ ಭಟ್ಟಾಕಳಂಕನು 1604ರಲ್ಲಿ ಶಬ್ದಾನುಶಾಸನವನ್ನು ರಚಿಸಿ ಸಂಸ್ಕೃತ ಸೂತ್ರಗಳಲ್ಲಿ ಕನ್ನಡಕ್ಕೆ ವ್ಯಾಕರಣ ಹೇಳಿದನು. ಕನ್ನಡವು ಶಾಸ್ತ್ರಕ್ಕೆ ತಕ್ಕ ಭಾಷೆಯಲ್ಲವೆಂದು ಮೂಗು ಮುರಿಯುವವರಿಗೆ ಅದು ಉತ್ತರವಾಯಿತು. ಇಂದು ಕೊಂಕಣಿಯ ಮಗುವಿನ ಮುಂದೆ ಕನ್ನಡವೇ ಮೂಗು ಮುರಿಯಬಾರದಷ್ಟೆ. ಆ ಕೊಂಕಣಿಯೂ ನಾಗರಿ, ಕನ್ನಡ, ರೋಮನ್, ಮಲಯಾಳ, ಅರಬ್ಬೀ ಎಂಬ ಐದು ಲಿಪಿಗಳ ಅಂಗಿ ತೊಟ್ಟು ಬಾಳಿದ ಭಾಷೆ. ಅದರಷ್ಟು ಅಂಗಿ ಬದಲಿಸಿದ ನುಡಿ ಭಾರತದಲ್ಲಿ ಅಪರೂಪ.

ಕನ್ನಡದಲ್ಲಿ ‘ತಿದ್ದು’ ಎಂಬ ಇನ್ನೊಂದು ಶಬ್ದವಿದೆ. ಅದಕ್ಕೂ ಎರಡು ಅರ್ಥ. ಉಪಾಧ್ಯಾಯರು ಉತ್ತರಪತ್ರಿಕೆಯನ್ನು ತಿದ್ದುತ್ತಾರೆ. ಅಲ್ಲಿ ತಿದ್ದುವುದೆಂದರೆ ತಪ್ಪನ್ನು ಗುರುತಿಸುವುದು. ಐದು ವರ್ಷದ ಮಗು ಅಕ್ಷರ ತಿದ್ದುತ್ತದೆ; ಅಲ್ಲಿ ತಿದ್ದುವುದೆಂದರೆ ಬರೆದುಕೊಟ್ಟ ಗೆರೆಯ ಮೇಲೆಯೇ ಮತ್ತೆ ಮತ್ತೆ ಕೈಯಾಡಿಸಿ ಕಲಿಯುವುದು. ಹಿಂದೆ ಮರಳಿನ ಮೇಲೆ ತಿದ್ದಿಸುತ್ತಿದ್ದರು. ಗುರುಗಳು ಹಿಂದೆ ಕುಳಿತು ಮಗುವಿನ ಬೆರಳನ್ನು ತಮ್ಮ ಕೈಯಲ್ಲಿ ಹಿಡಿದು, ತಲಕಟ್ಟಿನಿಂದ ಇಳಿಗೆ, ಇಳಿಯಿಂದ ಗುಡಿಸಿಗೆ ನಡೆಸುತ್ತಿದ್ದರು. ಗೆರೆ ಕೆಟ್ಟರೆ ಮರಳನ್ನು ಅಂಗೈಯಿಂದ ಸವರಿ ಸಮ ಮಾಡುತ್ತಿದ್ದರು. ಕೆಟ್ಟದ್ದರ ಗುರುತು ಉಳಿಯುತ್ತಿರಲಿಲ್ಲ. ಆಮೇಲೆ ಸ್ಲೇಟು ಬಂತು, ಒದ್ದೆ ಬಟ್ಟೆ ಬಂತು. ಕಾಗದ ಬಂದ ಮೇಲೆ ಕೆಂಪು ಮಸಿ ಬಂತು, ಗುರುತು ಉಳಿಯತೊಡಗಿತು. ದಾಂಡೇಲಿಯ ಕಾರ್ಖಾನೆಯು ತನ್ನ ಕಾಗದವನ್ನು ಮೊದಮೊದಲು ಮಾಡಿದ್ದು ಬಿದಿರಿನಿಂದ. ಅದೇ ಸೀಮೆಯ ಕುಣಬಿ ಮನೆಗಳಲ್ಲಿ ಬಿದಿರನ್ನು ಸೀಳಿ ಬುಟ್ಟಿ ಹೆಣೆಯುವ ತಾಯಿ, ಹೆಣಿಗೆ ತಪ್ಪಿದಾಗ ಮಗಳ ಕೈಯಿಂದ ಬುಟ್ಟಿಯನ್ನು ಕಿತ್ತುಕೊಳ್ಳುವುದಿಲ್ಲ. ಎರಡು ಎಳೆ ಬಿಚ್ಚಿ, ಮಗಳ ಬೆರಳ ಮೇಲೆ ತನ್ನ ಬೆರಳಿಟ್ಟು, ‘ಹೀಗೆ’ ಎಂದು ಮತ್ತೆ ಹೆಣೆಯಿಸುತ್ತಾಳೆ. ಆ ‘ಹೀಗೆ’ ಎಂಬ ಮಾತನ್ನು ಅವಳು ಆಡುವುದು ಕೊಂಕಣಿಯಲ್ಲಿ.